ಬಾವುಟ, ರೆಕ್ಕೆ, ದೋಣಿ

ಮಕ್ಕಳೇ, ಈ ವಾರದ ಪುಟ ಓದುವ ಮೊದಲು ಒಂದು ಕೆಲಸ ಮಾಡಿ. ಹಿತ್ತಲಲ್ಲೋ, ಬೇಲಿಯ ಮೇಲೋ, ಪಕ್ಕದ ಹೊಲದಲ್ಲೋ ಅವರೆ ಹೂ ಬಿಟ್ಟಿದ್ದರೆ, ಗಿಡದ ಯಜಮಾನರನ್ನು ಕೇಳಿ, ಎರಡೇ ಎರಡು ಹೂ ಬಿಡಿಸಿಕೊಂಡು ಬನ್ನಿ. ಪೇಟೆಯಲ್ಲಿ ಅವರೆ ಗಿಡ ಕಾಣದವರು ಕುಂಡದಲ್ಲಿ ನಾಲ್ಕು ಬಟಾಣಿ ಊರಿದ್ದರೆ ಅದರ ಹೂವೂ ಆದೀತು. ಅಜ್ಜ ಅಜ್ಜಿಯರೇ, ನೀವು ಕನ್ನಡಕ ಹುಡುಕಿ ಇಟ್ಟುಕೊಳ್ಳಿ. ಇವತ್ತಿನ ಪಾಠದಲ್ಲಿ ನಿಮಗೂ ಪಾಲಿದೆ.

ಅವರೆ ಹೂವನ್ನೇ ಯಾಕೆ ಕೇಳಿದೆ ಎಂದರೆ, ಅದಕ್ಕೊಂದು ಪತ್ರ ಕಾರಣ. ಹಾಸನದ ಕಡೆಯ ಹಳ್ಳಿಯೊಂದರಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಾಳೆ:

“ತಾತ, ನಮ್ಮ ಹಿತ್ತಲಿನ ಅವರೆ ಚಪ್ಪರದ ತುಂಬ ಹೂವು. ಬೆಳಿಗ್ಗೆ ಆದರೆ ಸಾಕು, ದಪ್ಪ ದಪ್ಪ ಕಪ್ಪು ದುಂಬಿಗಳು ಬರುತ್ತವೆ. ಹೂವಿನ ಮೇಲೆ ಕೂತು ಅದರ ಬಾಯಿ ಒತ್ತಿ ಅಗಲಿಸುತ್ತವೆ. ನಮ್ಮಜ್ಜಿ, ಇವು ಹೂವನ್ನೆಲ್ಲ ಹಾಳು ಮಾಡುತ್ತಿವೆ, ಹೋದ ವರ್ಷವೂ ಕಾಯಿ ಸರಿಯಾಗಿ ಹಿಡಿಯಲಿಲ್ಲ, ಮಾವನ ಕೈಲಿ ಔಷಧಿ ಹೊಡೆಸುತ್ತೇನೆ ಅನ್ನುತ್ತಿದ್ದಾರೆ. ದುಂಬಿ ಸಾಯುವುದು ನನಗೆ ಇಷ್ಟವಿಲ್ಲ. ಆದರೆ ಅವರೆಕಾಳಿನ ಸಾರೂ ಬೇಕು. ಅಜ್ಜಿಗೆ ಏನು ಹೇಳಲಿ?”

ಪತ್ರಿಕೆ ಅಚ್ಚಾಗಿ ಊರು ಸೇರುವ ತನಕ ಔಷಧಿಯ ಡಬ್ಬಿ ಕಾಯುವುದಿಲ್ಲ. ಹಾಗಾಗಿ “ಎರಡು ವಾರ ತಡೆಯಿರಿ, ಅಜ್ಜಿ” ಎಂದು ಒಂದು ಕಾರ್ಡು ಆಗಲೇ ಅಂಚೆಗೆ ಹಾಕಿದ್ದೇನೆ. ಪೂರ್ತಿ ಉತ್ತರ ಇಲ್ಲಿದೆ. ಇದೇ ಜಗಳ ಇನ್ನೂ ಎಷ್ಟೋ ಹಿತ್ತಲುಗಳಲ್ಲಿ ನಡೆಯುತ್ತಿರಬಹುದು. ತೀರ್ಪು ಹೇಳುವ ಮೊದಲು ಹೂವನ್ನು ವಿಚಾರಿಸೋಣ.

ಐದು ದಳ, ಮೂರು ಕೆಲಸ

ದಾಸವಾಳವನ್ನು ನೀವೆಲ್ಲ ನೋಡಿದ್ದೀರಿ. ಐದು ದಳ, ಐದೂ ಒಂದೇ ಥರ. ಅದು ಬಾಗಿಲು ತೆರೆದಿಟ್ಟ ಛತ್ರವಿದ್ದಂತೆ. ಯಾರು ಬೇಕಾದರೂ ಯಾವ ಕಡೆಯಿಂದ ಬೇಕಾದರೂ ಒಳಗೆ ಬರಬಹುದು. ಅವರೆ ಹೂವಿಗೂ ದಳಗಳು ಐದೇ. ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಇದು ಅಗಳಿ ಹಾಕಿದ ಮನೆ.

ಹೂವನ್ನು ಎಡಗೈಯಲ್ಲಿ ತೊಟ್ಟಿನ ಹತ್ತಿರ ಹಿಡಿದುಕೊಳ್ಳಿ. ಎಲ್ಲಕ್ಕಿಂತ ದೊಡ್ಡದಾಗಿ, ಹಿಂದಕ್ಕೆ ಮಡಚಿಕೊಂಡು ನಿಂತಿರುವ ಒಂದು ದಳ ಕಾಣುತ್ತದಲ್ಲವೇ? ಅದು ಧ್ವಜದಳ. ನಾವು ಬಾವುಟ ಎನ್ನೋಣ. ಅದರ ಮುಂದೆ ಎಡಕ್ಕೊಂದು ಬಲಕ್ಕೊಂದು ಇರುವ ಜೋಡಿ ರೆಕ್ಕೆದಳಗಳು. ರೆಕ್ಕೆಗಳನ್ನು ಮೆಲ್ಲಗೆ ಬಿಡಿಸಿದರೆ ನಡುವೆ ಇನ್ನೊಂದು ಜೋಡಿ ಸಿಗುತ್ತದೆ. ಈ ಎರಡೂ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡು ದೋಣಿಯಂತಾಗಿವೆ. ಅದಕ್ಕೇ ಅವು ದೋಣಿದಳಗಳು. ಅವರೆಯ ದೋಣಿ ಬಹಳ ಸಪೂರ, ಮೊಣಕೈ ಮಡಚಿದಂತೆ ಮೇಲಕ್ಕೆ ಬಾಗಿರುತ್ತದೆ. ಒಂದು ಬಾವುಟ, ಎರಡು ರೆಕ್ಕೆ, ಎರಡು ದೋಣಿಯ ಹಲಗೆ. ಲೆಕ್ಕ ಐದಕ್ಕೆ ಸರಿಹೋಯಿತು.

ಇಡೀ ಹೂವನ್ನು ದೂರದಿಂದ ನೋಡಿದರೆ ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯಂತೆ ಕಾಣುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಚಿಟ್ಟೆಗೆ ಪಪಿಲಿಯೋ ಎನ್ನುತ್ತಾರೆ. ಈ ಬಗೆಯ ಹೂಗಳ ಗುಂಪಿನ ಶಾಸ್ತ್ರೀಯ ಹೆಸರು ಹುಟ್ಟಿದ್ದು ಆ ಮಾತಿನಿಂದಲೇ. ತೊಗರಿ, ಹೆಸರು, ಉದ್ದು, ಕಡಲೆ, ಹುರುಳಿ, ಅಲಸಂದೆ, ಬಟಾಣಿ, ನೆಲಗಡಲೆ, ಮೆಂತ್ಯ ಎಲ್ಲವೂ ಈ ಚಿಟ್ಟೆ ಹೂವಿನ ಮನೆತನದವು. ನಮ್ಮ ಅಡುಗೆಮನೆಯ ಡಬ್ಬಿಗಳ ಸಾಲನ್ನು ನೋಡಿದರೆ ಈ ಮನೆತನದ ವಂಶವೃಕ್ಷವನ್ನು ಓದಿದಂತೆಯೇ. ಹಿತ್ತಲಿನ ಶಂಖಪುಷ್ಪ, ರಸ್ತೆ ಬದಿಯ ಹೊಂಗೆ, ಕಾಡಿನ ಮುತ್ತುಗವೂ ಇವುಗಳ ನೆಂಟರೇ. ಹೊಂಗೆ ಮರದ ಕೆಳಗೆ ಅರಳಿನಂತೆ ಚೆಲ್ಲಿರುವ ಹೂಗಳಲ್ಲಿ ಒಂದನ್ನು ಎತ್ತಿ ನೋಡಿ. ಉಗುರಿನಷ್ಟಿದ್ದರೂ ಅದರಲ್ಲಿ ಬಾವುಟ, ರೆಕ್ಕೆ, ದೋಣಿ ಮೂರೂ ಇವೆ.

ಈಗ ದೋಣಿಯೊಳಗೆ ಇಣುಕೋಣ. ಗುಂಡುಸೂಜಿಯಿಂದ ಅದರ ಅಂಚನ್ನು ಸೀಳಿ. ಒಳಗೆ ಹತ್ತು ಕೇಸರಗಳಿವೆ. ಒಂಬತ್ತು ಬುಡದಲ್ಲಿ ಕೂಡಿಕೊಂಡು ಕೊಳವೆಯಂತಾಗಿವೆ. ಹತ್ತನೆಯದು ಮಾತ್ರ ಮೇಲ್ಗಡೆ ಬೇರೆಯಾಗಿ ನಿಂತಿದೆ. ಆ ಒಂಟಿ ಕೇಸರಕ್ಕೆ ಜಂಬವೆಂದು ತಿಳಿಯಬೇಡಿ. ಮಕರಂದ ಇರುವುದು ಕೊಳವೆಯ ಬುಡದೊಳಗೆ. ಹತ್ತೂ ಕೂಡಿಕೊಂಡಿದ್ದರೆ ಅಲ್ಲಿಗೆ ದಾರಿಯೇ ಇರುತ್ತಿರಲಿಲ್ಲ. ಒಂಟಿ ಕೇಸರದ ಅಕ್ಕಪಕ್ಕದ ಸಂದಿಯಲ್ಲಿ ದುಂಬಿ ನಾಲಿಗೆ ತೂರಿಸುತ್ತದೆ.

ಕೇಸರಗಳ ನಡುವೆ ಎಳೆಯ ಕಾಯಿ ಇದೆ, ಹಸಿರು ದಾರದಂತೆ. ನೀವು ತಿನ್ನುವ ಅವರೆಕಾಯಿ ಮೊದಲು ಹೀಗೆಯೇ ಇರುತ್ತದೆ. ಅದರ ತುದಿ ಉದ್ದಕ್ಕೆ ಬೆಳೆದು ದೋಣಿಯ ಮೂತಿಯ ತನಕ ಹೋಗಿದೆ. ತುದಿಯ ಕೆಳಗೆ ಸಣ್ಣ ಕೂದಲುಗಳ ಕುಂಚವಿದೆ. ಭೂತಗನ್ನಡಿ ಇದ್ದರೆ ಚೆನ್ನಾಗಿ ಕಾಣುತ್ತದೆ. ಹೂ ಅರಳುವ ಹೊತ್ತಿಗೆ ಕೇಸರಗಳು ಒಡೆದು, ಹಳದಿ ಪರಾಗ ಆ ಕುಂಚಕ್ಕೆ ಮೆತ್ತಿಕೊಂಡಿರುತ್ತದೆ.

ಅಗಳಿ ತೆಗೆಯುವುದು ಹೇಗೆ?

ಎರಡನೆಯ ಹೂವನ್ನು ಕೈಗೆ ತೆಗೆದುಕೊಳ್ಳಿ. ಇದನ್ನು ಕೀಳಬೇಡಿ. ಪೆನ್ಸಿಲ್ಲಿನ ಮೊಂಡ ತುದಿಯನ್ನು ಎರಡು ರೆಕ್ಕೆಗಳ ಮೇಲಿಟ್ಟು ನಿಧಾನವಾಗಿ ಕೆಳಕ್ಕೆ ಒತ್ತಿ. ಏನಾಯಿತು? ದೋಣಿಯೂ ಜೊತೆಯಲ್ಲೇ ಕೆಳಗೆ ಜಗ್ಗಿತು. ಅದರ ಮೂತಿಯಿಂದ ಹಳದಿ ಪುಡಿ ಮೆತ್ತಿದ ಕುಂಚ ಹೊರಗೆ ಬಂತು. ಪೆನ್ಸಿಲ್ ತೆಗೆಯಿರಿ. ಎಲ್ಲವೂ ಮತ್ತೆ ಒಳಗೆ!

ರೆಕ್ಕೆ ಒತ್ತಿದರೆ ದೋಣಿ ಯಾಕೆ ಇಳಿಯಬೇಕು? ರೆಕ್ಕೆಯ ಬುಡದ ಹತ್ತಿರ ಒಂದು ಸಣ್ಣ ಮಡಿಕೆ ಇದೆ. ದೋಣಿಯ ಪಕ್ಕದಲ್ಲಿ ಅದಕ್ಕೆ ಸರಿಯಾಗಿ ಒಂದು ಗುಳಿ ಇದೆ. ಒಂದು ಇನ್ನೊಂದರೊಳಗೆ ಅಂಗಿಯ ಗುಂಡಿಯಂತೆ ಕೂತಿರುತ್ತದೆ. ಹೀಗೆ ಎರಡು ಜೋಡಿ ದಳಗಳು ಒಂದೇ ಯಂತ್ರವಾಗುತ್ತವೆ.

ಈಗ ಪೆನ್ಸಿಲ್ ಬದಲು ದುಂಬಿಯನ್ನು ನೆನೆಸಿಕೊಳ್ಳಿ. ಬಾವುಟ ದೂರದಿಂದಲೇ “ಇಲ್ಲಿ ಬಾ” ಎಂದು ಕರೆಯುತ್ತದೆ. ಬಾವುಟದ ಕೆಲಸ ಅದು, ಅಂಗಡಿಯ ಮುಂದಿನ ಬೋರ್ಡಿನ ಕೆಲಸ. ಎಷ್ಟೋ ಹೂಗಳಲ್ಲಿ ಬಾವುಟದ ನಡುವೆ ಗೆರೆಗಳೋ ಮಚ್ಚೆಯೋ ಇದ್ದು, ಮಕರಂದ ಯಾವ ಕಡೆ ಎಂದು ತೋರಿಸುತ್ತವೆ. ದುಂಬಿ ಬಂದು ರೆಕ್ಕೆಗಳ ಮೇಲೆ ಕೂರುತ್ತದೆ. ರೆಕ್ಕೆ ಅದಕ್ಕೆ ಜಗುಲಿ. ಹಿಂಗಾಲುಗಳನ್ನು ಜಗುಲಿಗೆ ಊರಿ, ತಲೆಯನ್ನು ಬಾವುಟದ ಬುಡಕ್ಕೆ ಒತ್ತಿ, ನಾಲಿಗೆ ಒಳಗೆ ತೂರಿಸುತ್ತದೆ. ಅದರ ಭಾರಕ್ಕೂ ಒತ್ತಡಕ್ಕೂ ದೋಣಿ ಇಳಿಯುತ್ತದೆ. ಕಾಯಿಯ ತುದಿ ಹೊರಗೆ ಬಂದು ದುಂಬಿಯ ಮೈ ಮುಟ್ಟುತ್ತದೆ. ಹಿಂದಿನ ಹೂವಿನಿಂದ ಅದು ತಂದ ಪರಾಗ ಇಲ್ಲಿ ಅಂಟುತ್ತದೆ. ಹಿಂದೆಯೇ ಕುಂಚ ಬಂದು ಈ ಹೂವಿನ ಪರಾಗವನ್ನು ದುಂಬಿಯ ಮೈಗೆ ಸವರುತ್ತದೆ. ದುಂಬಿ ಎದ್ದಿತೋ ಇಲ್ಲವೋ, ಬಾಗಿಲು ಮುಚ್ಚಿತು. ಬಾವುಟ ಕರೆಯುತ್ತದೆ, ರೆಕ್ಕೆ ಕೂರಿಸುತ್ತದೆ, ದೋಣಿ ಕಾಯುತ್ತದೆ. ಮೂರು ದಳಕ್ಕೆ ಮೂರು ಕೆಲಸ.

ಇಷ್ಟೆಲ್ಲ ಕಟ್ಟುಪಾಡು ಯಾಕೆ? ಪರಾಗ ಗಿಡಕ್ಕೆ ಬೆಲೆಬಾಳುವ ವಸ್ತು. ಮಳೆ ಬಿದ್ದರೆ ತೊಳೆದು ಹೋಗುತ್ತದೆ. ತೆರೆದಿಟ್ಟರೆ ಯಾರೋ ತಿಂದುಬಿಡುತ್ತಾರೆ. ಮುಚ್ಚಳ ಹಾಕಿಟ್ಟರೆ ಎರಡೂ ತಪ್ಪುತ್ತದೆ. ಇರುವೆಯಂಥ ಹಗುರ ಮೈಯವರು ಬಂದರೆ ಅಗಳಿ ಅಲುಗುವುದೇ ಇಲ್ಲ. ಹೂವಿಂದ ಹೂವಿಗೆ ಹಾರಬಲ್ಲ, ಒತ್ತುವ ಶಕ್ತಿಯೂ ಇರುವ ನೆಂಟರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ.

ಅಜ್ಜಿಯ ಮೊಕದ್ದಮೆ

ಈಗ ಪತ್ರ ಬರೆದ ಹುಡುಗಿಯ ಅಜ್ಜಿಯ ಜೊತೆ ಎರಡು ಮಾತು. ಉಳಿದ ಅಜ್ಜಿಯರೂ ಕೇಳಿಸಿಕೊಳ್ಳಬಹುದು.

ಅಜ್ಜಿ, ನಿಮ್ಮ ಮೊಮ್ಮಗಳು ಬರೆದ ದಪ್ಪ ಕಪ್ಪು ದುಂಬಿ ಬಡಗಿ ದುಂಬಿ. ಒಣಗಿದ ಬಿದಿರು, ಹಳೆಯ ತೊಲೆಗಳಲ್ಲಿ ಬೈತಿಗೆಯಲ್ಲಿ ಕೊರೆದಂತೆ ಗುಂಡಗೆ ತೂತು ಮಾಡಿ ಗೂಡು ಕಟ್ಟುವುದು ಅದೇ. ಅದು ಹೂವಿನ ಬಾಯಿ ಒತ್ತಿ ಅಗಲಿಸುವುದನ್ನು ನೀವು ಕಂಡದ್ದು ನಿಜ. ಆದರೆ ಅದು ಹೂವನ್ನು ಮುರಿಯುತ್ತಿಲ್ಲ, ಅಗಳಿ ತೆಗೆಯುತ್ತಿದೆ. ಆ ಹೂವು ಇಂಥ ದಪ್ಪ ನೆಂಟನಿಗೆ ಸರಿಯಾಗಿಯೇ ಕಟ್ಟಿಕೊಂಡ ಬಾಗಿಲು ಅದು.

ದುಂಬಿ ಬಾರದಿದ್ದರೆ ನಿಮ್ಮ ಚಪ್ಪರದಲ್ಲಿ ಒಂದೂ ಕಾಯಿ ಇಲ್ಲ ಎಂದು ನಾನು ಹೆದರಿಸುವುದಿಲ್ಲ. ಅವರೆ ತನ್ನದೇ ಪರಾಗದಿಂದಲೂ ಕಾಯಿ ಕಟ್ಟಬಲ್ಲದು. ದುಂಬಿ ಬಂದರೆ ಪಕ್ಕದ ಬಳ್ಳಿಯ ಪರಾಗವೂ ಸೇರುತ್ತದೆ, ಅಷ್ಟೆ. ಆದರೆ ಅದೇ ಚಪ್ಪರದ ಪಕ್ಕದಲ್ಲಿ ಕುಂಬಳವೋ ಹೀರೆಯೋ ಸೋರೆಯೋ ಹಬ್ಬಿದೆಯೇ ನೋಡಿ. ಅವುಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ನಡುವೆ ಓಡಾಡುವವರು ಇಲ್ಲದಿದ್ದರೆ ಪಿಂದೆ ಹಳದಿಯಾಗಿ ಉದುರಿಹೋಗುತ್ತದೆ. ಅವರೆಗೆಂದು ಹೊಡೆದ ಔಷಧಿಯಿಂದ ಜೇನುಹುಳುಗಳೂ ದುಂಬಿಗಳೂ ಸತ್ತರೆ, ಪೆಟ್ಟು ಬೀಳುವುದು ಕುಂಬಳಕ್ಕೆ.

ಹಾಗಾದರೆ ಹೋದ ವರ್ಷ ಕಾಯಿ ಹಿಡಿಯಲಿಲ್ಲವಲ್ಲ, ಅದಕ್ಕೆ ಯಾರು ಕಾರಣ? ಈ ಪ್ರಶ್ನೆ ನ್ಯಾಯವಾದದ್ದು. ಮೊದಲನೆಯದಾಗಿ, ಅವರೆ, ತೊಗರಿಯಂಥ ಗಿಡಗಳು ಬಿಟ್ಟ ಹೂವನ್ನೆಲ್ಲ ಕಾಯಿ ಮಾಡುವುದಿಲ್ಲ. ತಾವು ಸಾಕಬಲ್ಲಷ್ಟನ್ನು ಉಳಿಸಿಕೊಂಡು ಬಾಕಿಯದನ್ನು ಉದುರಿಸುತ್ತವೆ. ನೆಲದ ಮೇಲೆ ಹೂ ಬಿದ್ದಿದ್ದರೆ ಯಾರೋ ಕೆಡಿಸಿದ್ದಾರೆ ಎಂದೇ ಅರ್ಥವಲ್ಲ. ಎರಡನೆಯದಾಗಿ, ನಿಜವಾದ ಕಳ್ಳರು ಇದ್ದಾರೆ. ಅವರನ್ನು ಗುರುತು ಹಿಡಿಯಬೇಕು.

ಬೆಳಿಗ್ಗೆ ಏಳೆಂಟು ಗಂಟೆಗೆ ಮೊಮ್ಮಗಳನ್ನು ಕರೆದುಕೊಂಡು ಚಪ್ಪರದ ಹತ್ತಿರ ಹೋಗಿ. ಒಂದು ಹೂವಿನ ಮೇಲೆ ಎರಡು ಮೂರು ಕ್ಷಣ ಮಾತ್ರ ಕೂತು ಮುಂದಿನ ಹೂವಿಗೆ ಹಾರುವವನು ದುಂಬಿ. ಅವನು ಕೂಲಿಯಾಳು, ಮಕರಂದವೇ ಅವನ ಕೂಲಿ. ಕಪ್ಪು ಮೈಗೆ ಕಿತ್ತಳೆಯೋ ಕೆಂಪೋ ಪಟ್ಟೆ ಹೊದ್ದು, ಒಂದೇ ಹೂವಿನ ಮೇಲೆ ಹಾಯಾಗಿ ಕೂತು ದಳವನ್ನೇ ಅಗಿಯುವ ಜೀರುಂಡೆ ಕಂಡರೆ ಅವನು ಹೂವು ತಿನ್ನುವವನು. ಮಕ್ಕಳೇ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದರ ಮೈಯಿಂದ ಒಸರುವ ರಸ ತಾಗಿದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ದೊಡ್ಡವರು ಹಿಡಿದು ಸೋಪಿನ ನೀರಿನ ಡಬ್ಬಿಗೆ ಹಾಕಲಿ. ಎಳೆ ಕುಡಿಗೆ ಕಪ್ಪಗೆ ಮುತ್ತಿದ್ದರೆ ಅದು ಹೇನು. ನೀರನ್ನು ಜೋರಾಗಿ ಎರಚಿ ತೊಳೆದರೆ ಅರ್ಧ ಕೆಲಸ ಮುಗಿಯಿತು. ಕಾಯಿಯಲ್ಲಿ ತೂತು ಬಿದ್ದಿದ್ದರೆ ಒಳಗೆ ಕಾಯಿಕೊರಕ ಹುಳು ಇದೆ.

ಬಡಗಿ ದುಂಬಿಯೂ ಪೂರ್ತಿ ಸಾಧುವಲ್ಲ. ಕೆಲವು ಸಲ ಬಾಗಿಲಿಗೆ ಬಾರದೆ, ಕೆಲವು ಹೂಗಳ ಬುಡವನ್ನು ಹೊರಗಿನಿಂದಲೇ ಸೀಳಿ ಮಕರಂದ ಹೀರುವುದೂ ಉಂಟು. ಆದರೂ ಹತ್ತು ಹೂವಿಗೆ ದುಡಿದು ಒಂದರಲ್ಲಿ ಕದ್ದವನನ್ನು ಕೆಲಸದಿಂದ ಬಿಡಿಸುತ್ತೀರಾ?

ಇಷ್ಟಾದ ಮೇಲೂ ಔಷಧಿ ಬೇಕೇ ಬೇಕೆನಿಸಿದರೆ ಕೀಟದ ಗುರುತು ಹೇಳಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತನ್ನಿ. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಮಾತ್ರ ಬೇಡ. ದುಂಬಿ, ಜೇನುಗಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಸಿ. ಇದು ನನ್ನ ತೀರ್ಪು. ಮೇಲ್ಮನವಿ ಇದ್ದರೆ ಪತ್ರ ಬರೆಯಿರಿ, ಅಜ್ಜಿ.

ಬಗೆಬಗೆಯ ಬಾಗಿಲು

ಮಕ್ಕಳೇ, ಐದು ದಳ ಅವೇ ಆದರೂ ಈ ಮನೆತನದ ಎಲ್ಲ ಹೂಗಳು ಒಂದೇ ರೀತಿ ಬಾಗಿಲು ತೆರೆಯುವುದಿಲ್ಲ.

ಹಸಿರೆಲೆ ಗೊಬ್ಬರಕ್ಕೆಂದು ಗದ್ದೆಯಲ್ಲಿ ಸೆಣಬು ಬಿತ್ತುತ್ತಾರಲ್ಲ, ಅದರ ಹಳದಿ ಹೂವನ್ನು ಒತ್ತಿ ನೋಡಿ. ದೋಣಿಯ ಚೂಪು ಮೂತಿಯಿಂದ ಪರಾಗ ಟೂತ್‌ಪೇಸ್ಟಿನಂತೆ ಎಳೆಯಾಗಿ ಹೊರಗೆ ಬರುತ್ತದೆ. ಒಳಗೆ ಕೇಸರಗಳು ಪಂಪಿನ ದಂಡದಂತೆ ಪರಾಗವನ್ನು ಮೇಲಕ್ಕೆ ನೂಕುತ್ತವೆ. ಒಂದೇ ಸಲಕ್ಕೆ ಖರ್ಚು ಮಾಡದೆ, ಬಂದ ನೆಂಟರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚುವ ಜಾಣತನ ಇದು. ಸೆಣಬು ಚೆನ್ನಾಗಿ ಬೀಜ ಕಟ್ಟಬೇಕಾದರೆ ಬಡಗಿ ದುಂಬಿಯಂಥ ದೊಡ್ಡ ದುಂಬಿಗಳು ಬರಲೇಬೇಕು.

ದನಗಳಿಗೆ ಹಾಕುವ ಕುದುರೆಮೆಂತ್ಯದ ಹೂವು ಸ್ವಲ್ಪ ಒರಟು. ಅದರ ದೋಣಿಯೊಳಗೆ ಕೇಸರಗಳ ಕಂಬ ಎಳೆದು ಕಟ್ಟಿದ ಬಿಲ್ಲಿನಂತೆ ಬಿಗಿದು ಕೂತಿರುತ್ತದೆ. ಒತ್ತಿದ ಕೂಡಲೇ ಟಪ್ಪೆಂದು ಸಿಡಿದು ಬಂದವನ ಮುಖಕ್ಕೇ ಬಡಿಯುತ್ತದೆ. ಒಮ್ಮೆ ಸಿಡಿದರೆ ಮುಗಿಯಿತು, ಮತ್ತೆ ಒಳಗೆ ಹೋಗುವುದಿಲ್ಲ. ಜೇನುಹುಳುಗಳಿಗೆ ಈ ಏಟು ಇಷ್ಟವಿಲ್ಲ. ಕೆಲವು ಸಲ ಏಟು ತಿಂದ ಮೇಲೆ ಅವು ಪಕ್ಕದ ಸಂದಿಯಿಂದ ನಾಲಿಗೆ ಹಾಕಿ, ದೋಣಿಯನ್ನು ಮುಟ್ಟದೆಯೇ ಮಕರಂದ ಕುಡಿಯುವುದನ್ನು ಕಲಿತುಬಿಡುತ್ತವೆ. ಎಲೆ ಕತ್ತರಿಸಿ ಗೂಡು ಕಟ್ಟುವ ಇನ್ನೊಂದು ಜಾತಿಯ ದುಂಬಿಗಳು ಮಾತ್ರ ಏಟಿಗೆ ಹೆದರದೆ ಕೆಲಸ ಮಾಡುತ್ತವೆ.

ಶಂಖಪುಷ್ಪದ್ದು ತಲೆಕೆಳಗಾದ ಸಂಸಾರ. ಒಂಟಿ ಸುತ್ತಿನ ನೀಲಿ ಹೂವನ್ನು, ಅದು ಬಳ್ಳಿಯಲ್ಲಿ ಇರುವಾಗಲೇ ನೋಡಿ. ದೊಡ್ಡ ಬಾವುಟ ಮೇಲಿಲ್ಲ, ಕೆಳಗಿದೆ! ದೋಣಿ ಮೇಲ್ಗಡೆ. ಹೂವು ತನ್ನ ತೊಟ್ಟಿನ ಮೇಲೆ ತಿರುಗಿಕೊಂಡು ಮಗುಚಿ ಕೂತಿದೆ. ಇಲ್ಲಿ ಬಾವುಟವೇ ಜಗುಲಿ. ದುಂಬಿ ಅದರ ಮೇಲೆ ಕೂತು ಒಳಗೆ ನುಗ್ಗಿದಾಗ, ಪರಾಗ ಅದರ ಬೆನ್ನಿಗೆ ಮೇಲಿನಿಂದ ತಾಗುತ್ತದೆ. ಶಾಲೆಯಲ್ಲಿ ಚಿತ್ರ ಬರೆಯುವಾಗ ಎಲ್ಲ ಚಿಟ್ಟೆ ಹೂವಿಗೂ ಬಾವುಟವನ್ನು ಮೇಲೆಯೇ ಬರೆಯುವ ರೂಢಿ ಇದೆ. ಶಂಖಪುಷ್ಪವನ್ನು ಮಾತ್ರ ಕಂಡ ಹಾಗೆಯೇ ಬರೆಯಿರಿ. ಯಾರಾದರೂ ತಪ್ಪು ಎಂದರೆ ಅವರನ್ನು ಬಳ್ಳಿಯ ಹತ್ತಿರ ಕರೆದುಕೊಂಡು ಹೋಗಿ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಮುತ್ತುಗದ ಮರ ಎಲೆ ಉದುರಿಸಿ ಕೆಂಡದಂತೆ ಹೂ ಬಿಡುತ್ತದೆ. ಅಜ್ಜಂದಿರೇ, ಮುತ್ತುಗದ ಎಲೆಯಲ್ಲಿ ಉಂಡವರು ನೀವು. ಅದರ ಹೂವಿನ ದೋಣಿಯನ್ನು ಮೊಮ್ಮಕ್ಕಳಿಗೆ ತೋರಿಸಿ. ಗಿಳಿಯ ಕೊಕ್ಕಿನಂತೆ ಬಾಗಿದೆ. ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕ ಎಂಬ ಹೆಸರಿದೆ. “ಇದೇನು ಗಿಳಿಯೇ?” ಎಂದು ಅದರ ಅರ್ಥ. ಈ ಹೂವಿಗೆ ವಾಸನೆ ಇಲ್ಲ. ಅದು ಕರೆಯುವುದು ಹಕ್ಕಿಯನ್ನು. ಸೂರಕ್ಕಿ ತೊಟ್ಟಿನ ಮೇಲೆ ಕೂತು ಉದ್ದ ಕೊಕ್ಕು ತೂರಿಸಿದಾಗ ದೋಣಿ ಬಾಯಿಬಿಟ್ಟು ಪರಾಗವನ್ನು ಹಕ್ಕಿಯ ಮೈಗೆ ಸವರುತ್ತದೆ.

ಇನ್ನೊಂದು ಸಂಗತಿ ಕೇಳಿದರೆ ನಿಮ್ಮ ಕಣ್ಣು ಅರಳುತ್ತದೆ. ತಾಗಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಬಳ್ಳಿ ಗೊತ್ತಲ್ಲ? ಅದರ ನೆಂಟ ಬಳ್ಳಿಯೊಂದು ಮಧ್ಯ ಅಮೆರಿಕದ ಕಾಡಿನಲ್ಲಿದೆ. ಅದರ ಹೂವಿಗೆ ರಾತ್ರಿ ಬಾವಲಿ ಬರುತ್ತದೆ. ಕತ್ತಲಲ್ಲಿ ಬಣ್ಣದ ಬಾವುಟ ಯಾರಿಗೆ ಬೇಕು? ಬಾವಲಿ ತನ್ನ ಕೂಗಿನ ಪ್ರತಿಧ್ವನಿ ಕೇಳಿ ದಾರಿ ಕಾಣುತ್ತದೆ. ಈ ಹೂವಿನ ಬಾವುಟ ತಟ್ಟೆಯಂತೆ ಒಳಗೆ ತಗ್ಗಾಗಿದ್ದು, ಕೂಗನ್ನು ಬಂದ ಕಡೆಗೇ ಹಿಂದಿರುಗಿಸುತ್ತದೆ. ಕಣ್ಣಿಗೆ ಕನ್ನಡಿ ಇದ್ದಂತೆ ಕಿವಿಗೆ ಅದು ಕನ್ನಡಿ. ಜರ್ಮನಿಯ ವಿಜ್ಞಾನಿ ದಂಪತಿ ಡಾಗ್‌ಮಾರ್ ಮತ್ತು ಓಟ್ಟೋ ಫಾನ್ ಹೆಲ್ವರ್ಸನ್ 1999ರಲ್ಲಿ ಇದನ್ನು ಪ್ರಕಟಿಸಿದರು. ಬಾವುಟದ ತಗ್ಗಿಗೆ ಹತ್ತಿ ತುಂಬಿದಾಗ ಬಾವಲಿಗಳ ಭೇಟಿ ಬಹಳ ಕಡಿಮೆಯಾಯಿತು. ನೋಡಿ, ಹಗಲಲ್ಲಿ ಬೋರ್ಡು ಆಗುವ ದಳ ರಾತ್ರಿಯ ಅಂಗಡಿಯಲ್ಲಿ ಗಂಟೆಯಾಯಿತು.

ತೆರೆಯದ ಬಾಗಿಲಿನ ಉಪಕಾರ

ಬಟಾಣಿಯ ಹೂವಿಗೂ ಬಾವುಟ, ರೆಕ್ಕೆ, ದೋಣಿ ಎಲ್ಲ ಇವೆ. ಆದರೆ ಅದು ಮೊಗ್ಗಾಗಿರುವಾಗಲೇ, ದೋಣಿಯೊಳಗೆ ತನ್ನ ಪರಾಗವನ್ನು ತಾನೇ ಅಂಟಿಸಿಕೊಂಡುಬಿಡುತ್ತದೆ. ಅರಳುವ ಹೊತ್ತಿಗೆ ಮದುವೆ ಮುಗಿದಿರುತ್ತದೆ, ಚಪ್ಪರ ಮಾತ್ರ ಉಳಿದಿರುತ್ತದೆ. ಕಡಲೆಯೂ ಹೀಗೆಯೇ.

ಬಿಗಿಯಾಗಿ ಮುಚ್ಚಿದ ಈ ದೋಣಿ ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿದೆ. ಇಂದಿನ ಚೆಕ್ ದೇಶದ ಬ್ರನೋ ಊರಿನ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ 1856ರಿಂದ 1863ರ ತನಕ ಬಟಾಣಿ ಬೆಳೆಸಿದ. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಹುಟ್ಟಿದ ಮಕ್ಕಳು ಹೇಗಿರುತ್ತವೆ, ಮೊಮ್ಮಕ್ಕಳು ಹೇಗಿರುತ್ತವೆ ಎಂದು ಲೆಕ್ಕ ಇಡುವುದು ಅವನ ಆಸೆ. ಗಾಳಿಯಲ್ಲೋ ದುಂಬಿಯ ಮೈಮೇಲೋ ಬೇರೆ ಪರಾಗ ಬಂದು ಬಿದ್ದರೆ ಲೆಕ್ಕ ಕೆಟ್ಟಂತೆ. ಬಟಾಣಿಯ ದೋಣಿ ಅದನ್ನು ತಡೆಯಿತು. ಮೆಂಡೆಲ್ ಮೊಗ್ಗಿನ ದೋಣಿಯನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ತೆಗೆದು, ತನಗೆ ಬೇಕಾದ ಗಿಡದ ಪರಾಗವನ್ನೇ ಹಚ್ಚಿದ. 1866ರಲ್ಲಿ ಅಚ್ಚಾದ ಅವನ ಲೆಕ್ಕವೇ ಇವತ್ತಿನ ವಂಶವಾಹಿ ವಿಜ್ಞಾನಕ್ಕೆ ಅಡಿಗಲ್ಲು. ಅಜ್ಜನ ಮೂಗು ಮಗನಿಗೆ ಬಾರದೆ ಮೊಮ್ಮಗನಿಗೆ ಯಾಕೆ ಬಂತು ಎಂಬ ಮನೆಮನೆಯ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಶುರುವಾದದ್ದು ಬಟಾಣಿ ಹೂವಿನ ಎರಡು ದಳಗಳ ನಡುವಿನಿಂದ.

ನೆಲಗಡಲೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಪುಟ್ಟ ಹಳದಿ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಹೊರಟು, ಕೆಳಕ್ಕೆ ಬಾಗಿ, ಮಣ್ಣಿಗೆ ಇಳಿಯುತ್ತದೆ. ಕಾಯಿ ಕಟ್ಟುವುದು ಅದರ ತುದಿಯಲ್ಲಿ, ಮಣ್ಣಿನೊಳಗೆ. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾಶಿ ಬಿದ್ದ ಒಂದೊಂದು ಕಾಯಿಯೂ ಮೊದಲು ಬೆಳಕಿನಲ್ಲಿ ಹೂವಾಗಿದ್ದು, ಆಮೇಲೆ ಕತ್ತಲೆಗೆ ಇಳಿದದ್ದು.

ನೀವೇ ಮಾಡಿ ನೋಡಿ

ದುಂಬಿ ಒತ್ತುವುದರಿಂದ ಕಾಯಿ ಹೆಚ್ಚುತ್ತದೆಯೇ? ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1857ರಲ್ಲಿ ಇದೇ ಪ್ರಶ್ನೆ ಹಿಡಿದು ತೋಟಗಾರರ ವಾರಪತ್ರಿಕೆಗೆ ಪತ್ರ ಬರೆದಿದ್ದ. ಬೀನ್ಸ್ ಬಳ್ಳಿಯ ಹೂಗಳಿಗೆ ತೆಳುಬಟ್ಟೆ ಮುಚ್ಚಿ, ಜೇನುಹುಳು ಒತ್ತುವಂತೆಯೇ ಕೆಲವು ಹೂಗಳ ರೆಕ್ಕೆಯನ್ನು ತಾನೇ ಅಲುಗಿಸಿದ. ಅಲುಗಿಸಿದ ಹೂಗಳು ಕಾಯಿ ಕಟ್ಟಿದವು. ಮುಟ್ಟದೆ ಬಿಟ್ಟ ಹೂಗಳು ಹಾಗೆ ಕಟ್ಟಲಿಲ್ಲ.

ನೀವೂ ಮಾಡಬಹುದು. ಹಳೆಯ ಸೊಳ್ಳೆಪರದೆಯ ಬಟ್ಟೆಯಿಂದ ಆರು ಪುಟ್ಟ ಚೀಲ ಹೊಲಿಸಿಕೊಳ್ಳಿ. ಇದು ಅಜ್ಜಿಯ ಕೆಲಸ. ಅವರೆಯ ಒಂಬತ್ತು ಮೊಗ್ಗಿನ ಗೊನೆ ಆರಿಸಿ. ಆರಕ್ಕೆ ಚೀಲ ಕಟ್ಟಿ. ಮೂರನ್ನು ತೆರೆದೇ ಬಿಟ್ಟು ಬಣ್ಣದ ದಾರ ಕಟ್ಟಿ. ಚೀಲ ಕಟ್ಟಿದ ಆರರಲ್ಲಿ ಮೂರನ್ನು ಮುಟ್ಟಲೇಬೇಡಿ. ಉಳಿದ ಮೂರರ ಚೀಲವನ್ನು ದಿನಾ ಬೆಳಿಗ್ಗೆ ಬಿಚ್ಚಿ, ಅರಳಿದ ಹೂಗಳ ರೆಕ್ಕೆಯನ್ನು ಪೆನ್ಸಿಲ್ಲಿನ ಮೊಂಡ ತುದಿಯಿಂದ ಒತ್ತಿ, ಮತ್ತೆ ಕಟ್ಟಿ. ಒಟ್ಟು ಎಷ್ಟು ಹೂ ಅರಳಿತು, ಎಷ್ಟು ಕಾಯಿ ನಿಂತಿತು, ಒಂದೊಂದು ಕಾಯಲ್ಲಿ ಎಷ್ಟು ಕಾಳು ಎಂದು ಬರೆದಿಡಿ. ಲೆಕ್ಕ ಬರೆಯುವುದು ತಾತನ ಕೆಲಸ, ಎಣಿಸುವುದು ನಿಮ್ಮದು. ಸಂಖ್ಯೆ ಏನೇ ಬರಲಿ, ಬಂದ ಹಾಗೆಯೇ ನನಗೆ ಕಳಿಸಿ. ತಿದ್ದಬೇಡಿ.

ಮುಂದಿನ ವಾರಕ್ಕೆ ಒಂದು ಪ್ರಶ್ನೆ. ಬಯಲುಸೀಮೆಯ ದಾರಿ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡವನ್ನು ನೋಡಿದ್ದೀರಲ್ಲ? ಅದೂ ಅವರೆಯಂತೆ ಚಪ್ಪಟೆ ಕಾಯಿ ಬಿಡುತ್ತದೆ, ಅದೂ ನೆಂಟನೇ. ಅದರ ದಳಗಳನ್ನು ಎಣಿಸಿ. ಬಾವುಟ ಯಾವುದು? ದೋಣಿ ಇದೆಯೇ? ಅಷ್ಟೇ ಅಲ್ಲ, ಅದೇ ಕಪ್ಪು ದುಂಬಿ ಆ ಹೂವಿನ ಮೇಲೆ ಕೂತಾಗ ಕಿವಿಗೊಟ್ಟು ಕೇಳಿ. ಹಾರುವಾಗಿನ ಸದ್ದಿಗೂ ಕೂತಾಗಿನ ಸದ್ದಿಗೂ ವ್ಯತ್ಯಾಸ ಇದೆಯೇ? ಇದ್ದರೆ ಯಾಕಿರಬಹುದು? ಯೋಚಿಸಿ ಇಡಿ.